ದೇವರ ಕೋಣೆಯ ಲೈನು

೧೨ ಫೆಬ್ರುವರಿ ೨೦೨೫, ಬುಧವಾರ. ಸಿಂಧನೂರು.

ಖಾನಾವಳಿ ಎಂಬ ಆ ಮಾತು ಇನ್ನೂ ಚುಚ್ಚುತ್ತಿದೆ.

ಬಾಡಿಗೆ ಮನೆಯಲ್ಲಿ ಇಷ್ಟು ವರ್ಷ ಕರೆಂಟ್ ಒಲೆ ಆರಿಸಿಯೇ ಮಿಕ್ಸಿ ಹಚ್ಚಿದ್ದೇನೆ. ಎರಡೂ ಒಟ್ಟಿಗೆ ಓಡಿದರೆ ಫ್ಯೂಸ್ ಹೋಗುತ್ತದೆ. ಕಟ್ಟುತ್ತಿರುವ ಮನೆಯಲ್ಲಾದರೂ ಒಲೆಗೆ, ಗ್ರೈಂಡರಿಗೆ, ಫ್ರಿಜ್ಜಿಗೆ ಬೇರೆ ಬೇರೆ ಲೈನು ಇರಲಿ ಎಂದೆ. ವೈರಿಂಗ್ ಮಾಡುವ ಹುಲಿಗೇಶ ನನ್ನತ್ತ ನೋಡದೆ ನನ್ನ ಗಂಡನನ್ನು ಕೇಳಿದ: "ಏನ್ರೀ ಸಾಹೇಬ್ರ, ಅಕ್ಕಾರು ಖಾನಾವಳಿ ಇಡ್ತಾರೇನು?"

ಇವರು ನಕ್ಕರು. ಟೀವಿಗೆ ಬೇರೆ ಲೈನು, ಎಸಿಗೆ ಬೇರೆ, ದೇವರ ಕೋಣೆಯ ಸೀರಿಯಲ್ ಬಲ್ಬಿಗೂ ಬೇರೆ. ಅಡಿಗೆಮನೆಗೆ ಮಾತ್ರ ಎಲ್ಲಕ್ಕೂ ಒಂದೇ.

"ದೇವರ ಲೈನ್ ಅಡಿಗಿಮನಿಗೆ ಎಳಿ" ಎಂದೆ.

ಹುಲಿಗೇಶನ ಕೈ ನಿಂತಿತು. "ದೇವರದು ಕೀಳಬಾರದ್ರೀ ಅಕ್ಕಾರ. ಸಾಹೇಬ್ರ, ನೀವಾರ ಹೇಳ್ರಿ."

"ಸಿಟ್ಟಿನಾಗ ಅಂದಾಳ, ಬಿಡಪಾ" ಎಂದರು ಇವರು.

ಸಿಟ್ಟಿನಲ್ಲಿ ಅಂದದ್ದಲ್ಲ. ನಾಳೆ ಪ್ಲಾಸ್ಟರ್ ಮಾಡುತ್ತಾರಂತೆ. ಮಾಡಿದರೆ ಗೋಡೆಯೊಳಗಿನ ವೈರಿನ ಪೈಪು ಜನ್ಮಪೂರ್ತಿ ಹಾಗೆಯೇ. ಗೌಂಡಿ ಬರುವ ಮೊದಲೇ ಹೋಗಿ ಆ ಗೋಡೆಯ ಮುಂದೆ ನಿಲ್ಲುತ್ತೇನೆ. ದೇವರಿಗೆ ಎಣ್ಣೆದೀಪ ಸಾಕು. ದಿನಾ ಅದನ್ನು ಹಚ್ಚುವವಳು ನಾನು, ನನಗೆ ಗೊತ್ತು. ಈ ಇಬ್ಬರು ಗಂಡಸರಲ್ಲಿ ಒಬ್ಬರೂ ಒಂದು ದಿನವಾದರೂ ಬತ್ತಿ ಹೊಸೆದಿರಲಿಕ್ಕಿಲ್ಲ.