ಬೆಟ್ಟಮ್ಮನ್ನ ಒಡ್ದಾಕ್ಬುಟ್ಟ ಕೇಸು

ಬೂಕನಕೆರೆ
ತಾ. 12-2-1996, ಸೋಮವಾರ

ಚಿರಂಜೀವಿ ಚಲುವರಾಜುವಿಗೆ, ಕೊಲೆಯಾಗಿ ಎರಡು ತಿಂಗಳಾದರೂ ಗುಂಡುಕಲ್ಲಿನ ಹಾಗಿರುವ ನಿನ್ನ ಅಜ್ಜಿ ಬೆಟ್ಟಮ್ಮ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪ? ಬಿಸಿಲಿಗೆ ನಿನಗೆ ಮೂಗಿನಲ್ಲಿ ರಕ್ತ ಬರುತ್ತಿತ್ತು, ಆ ಹೊಸಪೇಟೆಯಲ್ಲಿ ಈಗ ಹೇಗಿದೆ? ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ? ಮುದ್ದೆ ಸಿಗುತ್ತದೋ, ಇಲ್ಲ ಮೂರು ಹೊತ್ತೂ ರೊಟ್ಟಿ ಅಗಿಯುತ್ತಿದ್ದೀಯೋ? ನೀನು ಹೊಸಪೇಟೆಯಲ್ಲಿರುವುದು ಈ ಮುದುಕಿಗೆ ಹೇಗೆ ಗೊತ್ತಾಯಿತು ಅಂತ ಗಾಬರಿಯಾಗಬೇಡ. ಕಾಗದದಲ್ಲಿ ವಿಳಾಸ ಬರೆಯದೆ ಜಾಣತನ ಮಾಡಿದೆ, ಆದರೆ ಬರೆದದ್ದು ಗ್ಯಾರೇಜಿನ ಬಿಲ್ಲಿನ ಹಾಳೆಯ ಹಿಂದೆ. ಮುಂದುಗಡೆ ಗ್ಯಾರೇಜಿನ ಹೆಸರು, ಬೀದಿ, ಊರು ಎಲ್ಲವೂ ಅಚ್ಚುಕಟ್ಟಾಗಿ ಅಚ್ಚಾಗಿದೆ. ಬಚ್ಚಿಟ್ಟುಕೊಳ್ಳುವುದಕ್ಕೂ ಸ್ವಲ್ಪ ಬುದ್ಧಿ ಬೇಕು ಮಗ, ಅದು ನಮ್ಮ ವಂಶದಲ್ಲೇ ಇಲ್ಲ.

ನಿನ್ನ ಕಾಗದದ ನಾಲ್ಕು ಸಾಲೂ ನನಗೆ ಬಾಯಿಪಾಠವಾಗಿವೆ. ರಾಗಿ ತುಂಬಿಡುವ ಮಣ್ಣಿನ ವಾಡೆ ಒಡೆದದ್ದು ನಿನ್ನ ತಪ್ಪು, ಅಜ್ಜಿ ಪೊಲೀಸಿಗೆ ಕಂಪ್ಲೇಂಟು ಕೊಟ್ಟಿದ್ದು ಸರಿ, ಅಂಥದ್ದೇ ಇನ್ನೊಂದು ವಾಡೆ ತರುವವರೆಗೂ ಊರಿಗೆ ಕಾಲಿಡುವುದಿಲ್ಲ, ಹುಡುಕಬೇಡಿ. ಇದನ್ನು ಓದಿ ನಿಮ್ಮಪ್ಪ ಮರಿಸ್ವಾಮಿ ಜಗಲಿಯ ಮೇಲೆ ಕೂತುಬಿಟ್ಟ. ನನಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು, ಆಮೇಲೆ ನಿನಗೆ ನಾಲ್ಕು ಬಿಗಿಯಬೇಕು ಅನ್ನಿಸಿತು. ಲೇ ಪೆದ್ದ, ನಾನು ಯಾರ ಮೇಲೂ ಕಂಪ್ಲೇಂಟು ಕೊಟ್ಟಿಲ್ಲ. ಪೊಲೀಸರು ನಿನ್ನನ್ನು ಕೇಳಿಕೊಂಡು ಬಂದದ್ದು ವಾಡೆಗಾಗಿ ಅಲ್ಲ, ನನ್ನನ್ನು ಕೊಂದು ಹೂತಿದ್ದೀಯ ಅಂತ. ನೀನು ಗೋಡೆ ಹಾರಿ ಓಡದೆ ಅರೆಗಳಿಗೆ ನಿಂತಿದ್ದರೆ ಎಲ್ಲ ಅಲ್ಲೇ ತೀರಿಹೋಗುತ್ತಿತ್ತು. ಆದದ್ದನ್ನೆಲ್ಲ ಬರೆಯುತ್ತೇನೆ, ಕೂತುಕೊಂಡು ಓದು.

ಆ ರಾಗಿ ವಾಡೆ ನಾನು ಮದುವೆಯಾಗಿ ಬಂದಾಗ ನನ್ನ ಜೊತೆಯಲ್ಲೇ ಗಾಡಿಯಲ್ಲಿ ಬಂದದ್ದು. ಸೊಸೆಯೂ ವಾಡೆಯೂ ಒಂದೇ ಗಾತ್ರ ಅಂತ ನನ್ನತ್ತೆ ಅದಕ್ಕೂ ಬೆಟ್ಟಮ್ಮ ಅಂತಲೇ ಹೆಸರಿಟ್ಟರು. ಅವತ್ತಿನಿಂದ ನಮ್ಮ ಮನೆಯಲ್ಲಿ ಬೆಟ್ಟಮ್ಮನ ಹೊಟ್ಟೆಯಿಂದ ಎರಡು ಸೇರು ತೆಗಿ, ಬೆಟ್ಟಮ್ಮನ ಬಾಯಿ ಮುಚ್ಚು ಅನ್ನುವುದು ದಿನದ ಮಾತು. ಅದು ಒಳಮನೆಯ ಮಾತು, ಬೀದಿಯವರಿಗೆ ಏನು ಗೊತ್ತು? ನೀನೋ, ಎರಡು ಕ್ಯಾಸೆಟ್ಟು ಹಾಕುವ ದೊಡ್ಡ ಟೇಪ್ ರೆಕಾರ್ಡರ್ ತಂದು, ನಿನ್ನ ಗೆಳೆಯ ಶಿವಣ್ಣನ ಜೊತೆ ಕ್ಯಾಸೆಟ್ಟು ತುಂಬಿಸಿಕೊಡುವ ಅಂಗಡಿ ಮಾಡುತ್ತೇನೆ, ವಾಡೆ ಇರುವ ಮೂಲೆಯೇ ಬೇಕು ಅಂತ ಹಟ ಹಿಡಿದೆ. ನಾನು 'ನನ್ನೆಣ ಬಿದ್ಮೇಲೆ ತಗ್ದಾಕು, ಅಲ್ಲೀಗಂಟ ಮುಟ್ಟುದ್ರೆ ನೋಡು' ಅಂದುಬಿಟ್ಟು, ಕೋಪದಲ್ಲಿ ಯಾರಿಗೂ ಹೇಳದೆ ನಾಗಮಂಗಲಕ್ಕೆ ನಿಮ್ಮತ್ತೆ ಅಣ್ಣಮ್ಮನ ಮನೆಗೆ ಬಸ್ಸು ಹತ್ತಿದೆ. ನಿಮ್ಮಪ್ಪ ಅಮ್ಮ ಮದುವೆಗೆ ಅಂತ ಶ್ರೀರಂಗಪಟ್ಟಣದಲ್ಲಿದ್ದರು. ಅದೇ ಸಮಯ ಅಂತ ನೀನು ವಾಡೆ ಜರುಗಿಸಲು ಹೋಗಿ ಚೂರು ಮಾಡಿದೆ, ನನ್ನ ಬಾಯಿಗೆ ಹೆದರಿ ಚೂರುಗಳನ್ನು ಹಿತ್ತಿಲಲ್ಲಿ ಹೂತೆ. ಅಲ್ಲಿಯವರೆಗೆ ನಿನಗೆ ಗೊತ್ತೇ ಇದೆ.

ನಿನಗೆ ಗೊತ್ತಿಲ್ಲದ್ದು ಇದು. ಸಂಜೆ ನೀನು ಹಿತ್ತಿಲಲ್ಲಿ ನಿಂತು ಶಿವಣ್ಣನಿಗೆ 'ಬೆಟ್ಟಮ್ಮನ್ನ ಒಡ್ದಾಕ್ಬುಟ್ಟೆ ಕಣ್ಲಾ, ಇತ್ಲಲ್ಲಿ ಊತ್ಬುಟ್ಟೆ, ಯಾರ್ಗೂ ಏಳ್ಬ್ಯಾಡ' ಅಂತ ಗೋಳಾಡಿದೆಯಲ್ಲ, ಗೋಡೆಯ ಆಚೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಪೊಲೀಸ್ ದಫೇದಾರರು ಬಟ್ಟೆ ಒಣಹಾಕುತ್ತಿದ್ದರು. ಅವರು ಉಡುಪಿ ಕಡೆಯವರು. ಅವರ ಬಾಯಲ್ಲಿ ಒಂದು ಹಕಾರವೂ ಕಳೆದುಹೋಗುವುದಿಲ್ಲ. ನಮ್ಮವರು ಹಕಾರ ನುಂಗುತ್ತಾರೆ ಅಂತ ಯಾರೋ ಅವರಿಗೆ ಮೊದಲೇ ಹೇಳಿದ್ದರಂತೆ. ಹಾಗಾಗಿ ಪಾಪ, ನೀನು ಬಿಟ್ಟ ಹಕಾರಗಳನ್ನೆಲ್ಲ ಹೆಕ್ಕಿ ಹೆಕ್ಕಿ ಸೇರಿಸಿಕೊಂಡು 'ಬೆಟ್ಟಮ್ಮನನ್ನು ಹೊಡೆದುಹಾಕಿ ಹಿತ್ತಿಲಲ್ಲಿ ಹೂತುಬಿಟ್ಟೆ' ಅಂತ ಬರೆದುಕೊಂಡರು. ಹಿತ್ತಿಲಿಗೂ ಹೂತದ್ದಕ್ಕೂ ಸರಿಯಾಗಿ ಕೂತ ಹಕಾರ ಒಡೆದದ್ದಕ್ಕೆ ಮಾತ್ರ ಕೂರಬಾರದಿತ್ತು. ಆಮೇಲೆ ಬಂದು ಬಾಗಿಲು ತಟ್ಟಿ 'ಬೆಟ್ಟಮ್ಮ ಎಲ್ಲಿ?' ಅಂತ ಕೇಳಿದರೆ ನೀನು 'ತಪ್ಪಾಯ್ತು ಸಾ' ಅಂತ ಓಡಿಹೋದೆ. ಇನ್ನೇನು ಬೇಕು ಅವರಿಗೆ?

ಈ ಕೇಸು ಈಗ ಕ್ಯಾಸೆಟ್ಟಾಗಿದೆ ಕಣಪ್ಪ. ಶಿವಣ್ಣ ನಿನ್ನ ಟೇಪ್ ರೆಕಾರ್ಡರನ್ನು ಬಸ್‌ಸ್ಟ್ಯಾಂಡಿನ ತನ್ನ ಹೋಟೆಲಿಗೆ ಒಯ್ದು, ದಫೇದಾರರ ದನಿ, ನಿನ್ನ ದನಿ, ನನ್ನ ದನಿ ಎಲ್ಲ ತಾನೇ ಮಾಡಿ ಎರಡು ಕಡೆಯೂ ತುಂಬಿಸಿದ್ದಾನೆ. ನನ್ನ ದನಿಯನ್ನು ಕೋಣದ ದನಿಯ ಹಾಗೆ ಮಾಡಿದ್ದಾನೆ, ಅದಕ್ಕೆ ಬೇರೆ ಬೈದಿದ್ದೇನೆ. ಜನ ತಿರುಗಿಸಿ ತಿರುಗಿಸಿ ಕೇಳುವುದು ಠಾಣೆಯ ಭಾಗವನ್ನು. ನೀನು ಓಡಿದ ಮೇಲೆ ಶಿವಣ್ಣನನ್ನೇ ಕೂರಿಸಿ ಕೇಳಿದರಂತೆ. 'ಹೊಡೆದದ್ದು ನೀನು ನೋಡಿದ್ದೀಯಾ?' ಅಂದರೆ 'ಊ ಸಾ, ಚೂರ್ಚೂರ್ ಆಗೋಗಿತ್ತು' ಅಂದ. ಎಷ್ಟು ವಯಸ್ಸು ಅಂದರೆ 'ಮದ್ವೇಲಿ ಬಂದುದ್ದು ಸಾ, ಐವತ್ತೊರ್ಸದ ಮೇಲಾಯ್ತು' ಅಂದ. ಹೊಟ್ಟೆಯಲ್ಲಿ ಏನಿತ್ತು ಅಂತ ಅವರು ಯಾಕೆ ಕೇಳಿದರೋ, ಇವನು 'ರಾಗಿ ಸಾ, ಅರ್ಧ ಪಲ್ಲ' ಅಂದಾಗ ದಫೇದಾರರು ಪೆನ್ನು ಕೆಳಗಿಟ್ಟರಂತೆ. ಯಾಕೆ ಹೂತ ಅಂದರೆ 'ಬೀದಿಗ್ ಬಿಸಾಕುದ್ರೆ ಮಕ್ಳ ಕಾಲ್ಗೆ ಚುಚ್ಚಲ್ವಾ ಸಾ?' ಅಂದನಂತೆ. ಇಂಥ ಕ್ರೂರಿಗಳನ್ನು ನನ್ನ ಸರ್ವೀಸಿನಲ್ಲೇ ನೋಡಿಲ್ಲ ಮಾರಾಯ್ರೆ ಅಂತ ಅವರು ಬೆವರು ಒರೆಸಿಕೊಳ್ಳುವುದನ್ನು ಶಿವಣ್ಣ ಹೇಳುವಾಗ ಹೋಟೆಲಿನಲ್ಲಿ ಟೀ ಚೆಲ್ಲದವರಿಲ್ಲ.

ಎರಡನೆಯ ಕಡೆ ಹಿತ್ತಿಲು ಅಗೆಯುವ ಕಥೆ. ಮಾರನೆಯ ದಿನ ಊರಿಗೆ ಊರೇ ಸೇರಿದೆ, ನಾಲ್ಕು ಜನ ಗುದ್ದಲಿ ಹಿಡಿದು ಅಗೆಯುತ್ತಿದ್ದಾರೆ, ನಾನು ನಾಗಮಂಗಲದಿಂದ ಬರುತ್ತೇನೆ. ಎದುರುಮನೆ ಚಿಕ್ಕಬೋರಮ್ಮ, ಒಂದು ನುಗ್ಗೆಮರದ ಕೊಂಬೆಗಾಗಿ ನನ್ನ ಜೊತೆ ಹನ್ನೊಂದು ವರ್ಷದಿಂದ ಮಾತು ಬಿಟ್ಟವಳು, ನೆಲಕ್ಕೆ ಕೂತು ಎದೆ ಬಡಿದುಕೊಂಡು ಅಳುತ್ತಿದ್ದಾಳೆ. 'ಚಿನ್ನದಂತ ಎಂಗ್ಸು ಕಣವ್ವ, ಬಾಯೊಂದು ಜೋರು, ಮನ್ಸು ಅಪ್ಪಟ ಬೆಣ್ಣೆ' ಅನ್ನುತ್ತಿದ್ದಾಳೆ. ಕ್ಯಾಸೆಟ್ಟಿನ ಪ್ರಕಾರ ನಾನು ಅವಳ ಹಿಂದೆ ನಿಂತು ಹೊಗಳಿಕೆ ಮುಗಿಯುವವರೆಗೂ ಸದ್ದಿಲ್ಲದೆ ಕೇಳಿಸಿಕೊಂಡೆನಂತೆ. ಗುಂಡಿಯಿಂದ ಒಂದು ಬುಟ್ಟಿ ಮಡಕೆ ಚೂರು ಬಂದ ಮೇಲೆ 'ಇನ್ನೊಂದೆರಡು ಮಾತು ಏಳೇ ಬೋರಿ, ನಿಲ್ಲಿಸ್ಬುಟ್ಟೆ ಯಾಕೆ?' ಅಂದೆನಂತೆ. ಅವಳು ಕಿರುಚಿಕೊಂಡು ಗುಂಡಿಗೆ ಬಿದ್ದಳು, ಅದು ಮಾತ್ರ ನಿಜ. ದಫೇದಾರರು ನನ್ನ ಮುಖ ನೋಡಿ, ಚೂರು ನೋಡಿ, 'ಅಜ್ಜಿ, ನೀವು ಬದುಕಿದ್ದೀರಾ?' ಅಂತ ಕೇಳಿದರು. ನಾನು ಇದ್ದೇನೆ, ಹೋದದ್ದು ವಾಡೆ ಅಂದೆ. ಹೇಗೆ ಗೊತ್ತಾಯಿತೋ ಅಂದುಕೊಳ್ಳಬೇಡ, ನನ್ನ ವಾಡೆಯ ಕಂಠ ನನಗೆ ಗುರುತು ಸಿಗುವುದಿಲ್ಲವೇ?

ಈಗ ಆ ಕ್ಯಾಸೆಟ್ಟು ಕೆ.ಆರ್. ಪೇಟೆ, ಪಾಂಡವಪುರ, ಕೆ.ಆರ್.ಎಸ್. ಎಲ್ಲ ಕಡೆಯೂ ಓಡುತ್ತಿದೆ. ಹೋದ ವಾರ ಪಾಂಡವಪುರದ ಬಸ್ಸಿನಲ್ಲಿ ಅದನ್ನೇ ಹಾಕಿದ್ದರು. ಕಂಡಕ್ಟರು ನನ್ನನ್ನು ಗುರುತು ಹಿಡಿದು 'ಕೊಲೆ ಆಗಿರೋರ್ಗೆ ಸೀಟ್ ಬುಡ್ರಪ್ಪ' ಅಂದ. ಮೂರು ಜನ ಎದ್ದು ನಿಂತರು. ಬದುಕಿದ್ದಾಗ ಇಂಥ ಮರ್ಯಾದೆ ಸಿಕ್ಕಿರಲಿಲ್ಲ. ದಫೇದಾರರು ಒಳ್ಳೆಯ ಮನುಷ್ಯ, ನಮ್ಮ ಮನೆಗೇ ಬಂದು ನಿಮ್ಮಪ್ಪನ ಕೈ ಹಿಡಿದು ಬೇಜಾರು ಪಟ್ಟುಕೊಂಡರು, ಮುದ್ದೆ ಸಾರು ಉಂಡು ಹೋದರು. ಕೇಸು ಪೂರ್ತಿ ಮುಗಿದಿದೆ ಅಂತ ಬಾಯಿಬಿಟ್ಟು ಹೇಳಿದ್ದಾರೆ. ಈಗ ಯಾರು ದೂರು ಕೊಡಲು ಬಂದರೂ 'ಒ ಎಂತಲೋ ಹೊ ಎಂತಲೋ, ಸರಿ ಹೇಳಿ' ಅಂತ ಕೇಳಿಯೇ ಬರೆದುಕೊಳ್ಳುತ್ತಾರಂತೆ. ಮೊನ್ನೆ ಒಬ್ಬ 'ನನ್ ತಲೆ ಒಡ್ದ ಸಾ' ಅಂತ ಹೋಗಿದ್ದಕ್ಕೆ, ಎರಡೂ ಇರಬಹುದು ಅಂತ ತಲೆ ಕೆರೆದುಕೊಂಡು ಕೂತಿದ್ದರಂತೆ.

ಇನ್ನು ವಾಡೆಯ ಮಾತು. ಅಂಥದ್ದನ್ನು ಸುಡುವವರು ಈಗ ಯಾರೂ ಇಲ್ಲ, ನೀನು ಹೊಸಪೇಟೆಯಲ್ಲಿ ನೂರು ವರ್ಷ ಸ್ಪಾನರ್ ತಿರುಗಿಸಿದರೂ ಸಿಗುವುದಿಲ್ಲ. ಆ ಶಪಥ ಬಿಟ್ಟುಬಿಡು. ರಾಗಿಯನ್ನು ತಗಡಿನ ಡ್ರಮ್ಮಿಗೆ ತುಂಬಿದ್ದೇವೆ, ರಾಗಿಗೆ ಏನೂ ವ್ಯತ್ಯಾಸ ಕಂಡಿಲ್ಲ. ನಿಮ್ಮಮ್ಮ ನಿನ್ನ ಕಾಗದ ಬಂದಾಗಿನಿಂದ ಎರಡು ಹೊತ್ತು ಸರಿಯಾಗಿ ಉಣ್ಣುತ್ತಿದ್ದಾಳೆ. ನಿಮ್ಮಪ್ಪ ಟ್ರಾಕ್ಟರು ತೊಳೆದು ನಿಲ್ಲಿಸಿದ್ದಾನೆ, ಬೇರೆ ಡ್ರೈವರನ್ನು ಹತ್ತಿಸಿಲ್ಲ. ನನಗಂತೂ ಎದೆಯ ಮೇಲಿನ ಚಪ್ಪಡಿ ಸರಿಸಿದ ಹಾಗಾಗಿದೆ. ಚಿಕ್ಕಬೋರಮ್ಮನೂ ನಿನ್ನನ್ನು ಕೇಳಿದಳು ಅಂತ ಬರೆಯಲು ಹೇಳಿದ್ದಾಳೆ. ನಾವಿಬ್ಬರೂ ಈಗ ಮಾತಾಡುತ್ತೇವೆ, ಮತ್ತೆ ಬಿಡುವವರೆಗೆ.

ಗ್ಯಾರೇಜಿನ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಎರಡು ತಿಂಗಳು ನಿನಗೆ ಅನ್ನ ಹಾಕಿದವರು, ತಣ್ಣಗಿರಲಿ. ನಿನಗೆ ನೂರಾರು ಆಶೀರ್ವಾದ.

ಇಂತಿ ನಿನ್ನ ಅಜ್ಜಿ,
ಬೆಟ್ಟಮ್ಮ (ಒಡೆಯದಿರುವವಳು)

ಮತ್ತೆ: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಕ್ಯಾಸೆಟ್ಟಿನಲ್ಲಿ ಒಂದು ಸುಳ್ಳಿದೆ. ನಾನು ಹೊಗಳಿಕೆ ಕೇಳಲು ನಿಂತಿರಲಿಲ್ಲ ಮಗ. ಅವತ್ತು ಬಸ್ಸಿನಿಂದ ಇಳಿಯುತ್ತಲೇ ಯಾರೋ 'ನಿಮ್ಮನೆ ಇತ್ಲಲ್ಲಿ ಎಣ ತೆಗೀತಾವ್ರೆ, ಚಲುವರಾಜ ರಾತ್ರಿಯಿಂದ ಕಾಣ್ತಿಲ್ವಂತೆ' ಅಂದರು. ಅಷ್ಟೇ ಹೇಳಿದ್ದು. ಚಿಕ್ಕಬೋರಮ್ಮ ಯಾರಿಗಾಗಿ ಅಳುತ್ತಿದ್ದಾಳೆ ಅಂತಲೂ ನನ್ನ ಕಿವಿಗೆ ಬೀಳಲಿಲ್ಲ. ಗುಂಡಿಯಲ್ಲಿ ಇರುವುದು ನೀನೇ ಅಂದುಕೊಂಡು, ಮುಂದಕ್ಕೆ ಹೆಜ್ಜೆ ಬಾರದೆ ನಿಂತಿದ್ದೆ. ಬುಟ್ಟಿಯಲ್ಲಿ ನನ್ನ ವಾಡೆಯ ಚೂರು ಮೇಲೆ ಬಂತು ನೋಡು, ನೀನು ಹುಟ್ಟಿದ ದಿನವೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಇದನ್ನು ಶಿವಣ್ಣನಿಗೂ ಹೇಳಿಲ್ಲ. ಬಾ.