ಬೈಟೂ

ದಾನೇಶ್ವರಿ,

ನೀನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ನಾಳೆ ನಿನ್ನ ಮಗಳಿಗೆ ಒಂದು ಉತ್ತರ ಕೊಡಬೇಕು. ಅದನ್ನು ಮೊದಲು ನಿನಗೆ ಹೇಳಿ ನೋಡೋಣ ಅನ್ನಿಸಿತು.

ನೀನು ಹೋಗಿ ಎಂಟು ತಿಂಗಳು. ನಾನು ಸಿಗರೇಟು ಬಿಟ್ಟು ಐದು. ಕಳೆದ ಭಾನುವಾರ ಹೂಡಿಯ ನಿಮ್ಮ ಮನೆಗೆ ಹೋದಾಗ ಅವಳು ಕೇಳಿದಳು, "ಆವತ್ತು ಅವ್ವ ನನ್ ಬಗ್ಗೆ ಏನಾದ್ರೂ ಅಂದ್ಲಾ ಆಂಟಿ?" ಆ ಬೆಳಿಗ್ಗೆ ನೀವಿಬ್ಬರೂ ಜಗಳವಾಡಿದ್ದಿರಂತೆ. ಅವಳು ಮಾತಾಡದೆ ಕಾಲೇಜಿಗೆ ಹೋದಳು. ಸಂಜೆ ರಿಂಗ್ ರಸ್ತೆಯಲ್ಲಿ ನಿನ್ನ ಸ್ಕೂಟರಿಗೆ ಲಾರಿ ಗುದ್ದಿತು. ನಡುವೆ, ಮಧ್ಯಾಹ್ನದ ಊಟವಾದ ಮೇಲೆ, ನಿನ್ನ ಜೊತೆ ಇದ್ದವಳು ನಾನು.

ಏನೂ ನೆನಪಾಗಲಿಲ್ಲ. "ಯೋಚಿಸಿ ಹೇಳ್ತೀನಿ" ಎಂದೆ.

ಸಿಗರೇಟು ಬಿಡಿಸುವ ಡಾಕ್ಟರನ್ನು ಕೇಳಿದೆ. ನಿಕೋಟಿನ್ ಮೆದುಳನ್ನು ಸ್ವಲ್ಪ ಹೊತ್ತು ಚುರುಕು ಮಾಡುತ್ತದೆ, ಬಿಟ್ಟ ಮೊದಲ ವಾರಗಳಲ್ಲಿ ಗಮನ ಚದುರುತ್ತದೆ, ಆಮೇಲೆ ಸರಿಹೋಗುತ್ತದೆ ಎಂದರು. ಸೇದುವಾಗ ಮನಸ್ಸಿಗೆ ಹೋದದ್ದು ಮತ್ತೆ ಸೇದುವಾಗ ಸುಲಭವಾಗಿ ಮರಳಬಹುದು ಅಂತಲೂ ಎಲ್ಲೋ ಓದಿದ್ದೆ. ಹಾಗಾದರೆ ಒಂದೇ ಒಂದು ಸೇದಿದರೆ? ನಿನ್ನ ಮಗಳಿಗಾಗಿ. ಇದರಲ್ಲಿ ನಿಜ ಎಷ್ಟು, ನೆಪ ಎಷ್ಟು ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರ ಸಿಗುವ ಮೊದಲೇ ನಮ್ಮ ಫ್ಯಾಕ್ಟರಿಯ ಹಿಂದೆ, ಮುನಿಕೃಷ್ಣನ ಟೀ ಅಂಗಡಿಯ ಮುಂದೆ ನಿಂತಿದ್ದೆ.

ಗಂಡಸರು ನೋಡುತ್ತಾರೆಂದು ಟೀಯ ಹಾಗೆ ಸಿಗರೇಟನ್ನೂ ಬೈಟೂ ಮಾಡಿ ಬೇಗ ಮುಗಿಸುತ್ತಿದ್ದೆವಲ್ಲ. ಮೊದಲರ್ಧ ನಿನ್ನದು, ಉಳಿದದ್ದು ನನ್ನದು.

ಒಂದು ಸಿಗರೇಟು ಕೇಳಿದೆ. ಅವನು ಅಭ್ಯಾಸದಂತೆ, "ಬೈಟೂನಾ ಅಕ್ಕ?" ಎಂದ. ಅಂದವನೇ ಮುಖ ತಿರುಗಿಸಿಕೊಂಡ.

ಹಚ್ಚುವ ಮೊದಲೇ ಆ ಮಧ್ಯಾಹ್ನ ನೆನಪಿಗೆ ಬಂತು. "ಇವತ್ತ ಮುಂಜಾನೆ ನಮ್ಮ ಹುಡುಗಿ..." ಎಂದು ನೀನು ಶುರುಮಾಡಿದ್ದೆ. ಮಾತಿನ ಭರದಲ್ಲಿ ಸಿಗರೇಟು ನಿನ್ನ ಅರ್ಧ ದಾಟುತ್ತಿತ್ತು. ಬೂದಿ ಎಲ್ಲಿಗೆ ಬಂತೆಂದು ನಾನು ನೋಡುತ್ತಿದ್ದೆ. ನೀನು ನಕ್ಕು, "ತಗೋ ನಮ್ಮವ್ವ, ಕಣ್ಣೆಲ್ಲಾ ಅದರ ಮ್ಯಾಲೇ ಐತಿ ನಿಂದು" ಎಂದು ಕೊಟ್ಟುಬಿಟ್ಟೆ. ಮಾತು ಅಲ್ಲಿಗೇ ನಿಂತಿತು. ಆಮೇಲೇನಾಯ್ತು ಎಂದು ನಾನು ಕೇಳಲಿಲ್ಲ.

ಹಾಗಾಗಿ ಇದು ಮರೆವಲ್ಲ. ಕೇಳಿಸಿಕೊಳ್ಳದ ಮಾತನ್ನು ಯಾವ ಹೊಗೆ ವಾಪಸು ತರುತ್ತದೆ? ಸಿಗರೇಟನ್ನು ಮುನಿಕೃಷ್ಣನ ಡಬ್ಬಿಗೇ ಹಾಕಿ ಬಂದೆ.

ಸಮಾಧಾನದ ಒಂದು ಮಾತು ಕಟ್ಟಿ ಹೇಳಿದರೆ ನಿನ್ನ ಮಗಳು ನಂಬುತ್ತಾಳೆ. ಹೇಳುವುದಿಲ್ಲ. "ನಿಮ್ಮವ್ವ ನಿನ್ ಮಾತೇ ಎತ್ತಿದ್ಲು, ಉಳಿದರ್ಧ ಕೇಳದವಳು ನಾನು, ಆದ್ರೆ ಅವಳು ಕೊನೆಗೆ ನಗ್ತಿದ್ಲು" ಎನ್ನುತ್ತೇನೆ. ಅಷ್ಟು ಮಾತ್ರ ನಿಜ. ಬೈದರೆ ಬೈಯಲಿ.

ಇದ್ದಲ್ಲಿ ತಣ್ಣಗಿರು. ಇನ್ನು ಸಿಗರೇಟು ಪೂರ್ತಿ ನಿನ್ನದೇ, ಅರ್ಧಕ್ಕೆ ನಾನು ಕಾಯುತ್ತಿಲ್ಲ.

ವನಜಾ