ಗೌರಿಗೊಬ್ಬ ಮುಯ್ಯಾಳು

ಅಕ್ಕಾ,

ನೀನಿದ್ದಾಗ ನಿನಗೆ ಕಾಗದ ಬರೆಯುವ ಪ್ರಸಂಗವೇ ಬರಲಿಲ್ಲ. ಗೋಡೆಯ ಆಚೆ ನೀನು, ಈಚೆ ನಾವು; ಕೂಗಿದರೆ ಸಾಕಿತ್ತು. ನಾನು ಕಟ್ಟೆಯ ಮೇಲೆ ಕುಳಿತು ಅನುವಾದದ ಕಾದಂಬರಿ ಓದುತ್ತಿದ್ದರೆ ನೀನು ಒಳಗಿನಿಂದಲೇ ಅನ್ನುತ್ತಿದ್ದೆ: “ಆ ಮಂದಿ ಹೆಸರು ಬಾಯಾಗ ಹೊಳ್ಳೂದಿಲ್ಲ, ಅವರ ದುಃಖ ನಿನಗ ಹೆಂಗ ತಿಳೀತೈತೋ ಮಾರಾಯಾ?” ಆ ಕಾದಂಬರಿಗಳಲ್ಲಿ ಜನ ಪುಟಗಟ್ಟಲೆ ಕಾಗದ ಬರೆಯುತ್ತಾರೆ. ನಾನು ನಾಲ್ಕು ಸಾಲು ಬರೆದು ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೇನೆ. ನಾಳೆ ಒಂದು ಕೆಲಸವಿದೆ. ಅದನ್ನು ನಿನಗೆ ಹೇಳದೆ ಮಾಡಲು ಮನಸ್ಸು ಒಪ್ಪುತ್ತಿಲ್ಲ.

ವಿದ್ಯಾ ಮೊದಲ ಸಲ ಬಂದ ದಿನ ನೆನಪಿದೆಯೇ? ವಿಶ್ವವಿದ್ಯಾಲಯದಿಂದ ಸಂಶೋಧನೆಗೆಂದು ಬಂದಿದ್ದ ಹುಡುಗಿ. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಅಂಗವಿಕಲ ಮಕ್ಕಳಿರುವ ಮನೆಗಳಿಗೆ ಹೋಗಿ, ಮಕ್ಕಳಿಗೂ ಮನೆಯವರಿಗೂ ಯಾವ ನೆರವು ಸಿಗುತ್ತಿದೆ, ಯಾವುದು ಸಿಗುತ್ತಿಲ್ಲ ಎಂದು ಕೇಳುತ್ತಿದ್ದಳು. ಅವಳು ಪ್ರಶ್ನೆ ಕೇಳುತ್ತಿದ್ದುದು ಗೌರಿಯ ತಂದೆಯಾದ ನನ್ನನ್ನು. ಉತ್ತರ ಹೇಳುತ್ತಿದ್ದವಳು ನೀನು. ಹನ್ನೆರಡು ವರ್ಷದ, ಆಧಾರವಿಲ್ಲದೆ ಕೂರಲಾರದ, ಮಾತಿಲ್ಲದ ನನ್ನ ಮಗಳನ್ನು ಎದೆಗೆ ಆನಿಸಿಕೊಂಡು ಮೆತ್ತಗಿನ ಅನ್ನದ ತುತ್ತು ಕೊಡುತ್ತಲೇ ಹೇಳುತ್ತಿದ್ದೆ. ಸ್ನಾನ ಯಾರು ಮಾಡಿಸುತ್ತಾರೆ? ನೀನು. ವಾರಕ್ಕೊಮ್ಮೆ ಹಾವೇರಿಗೆ ಕೈಕಾಲಿನ ವ್ಯಾಯಾಮಕ್ಕೆ ಯಾರು ಕರೆದೊಯ್ಯುತ್ತಾರೆ? ನೀನು. ಕೊನೆಗೆ ಅವಳು ನಿನ್ನನ್ನೇ ಕೇಳಿದಳು, “ನೀವು ಇಲ್ಲದ ದಿನ ಯಾರು ನೋಡ್ತಾರ್ರೀ?”

“ನಾ ಇಲ್ಲದ ದಿನಾನ ಇಲ್ಲಲ್ಲವಾ!” ಎಂದು ನೀನು ನಕ್ಕೆ. ನಾವು ಗಂಡ ಹೆಂಡತಿ, ನಾನೂ ಸುಮಾಳೂ, ನಕ್ಕೆವು. ಆ ಹುಡುಗಿಯೊಬ್ಬಳೇ ನಗಲಿಲ್ಲ. ನಾವು ಯಾಕೆ ನಕ್ಕೆವು, ಅಕ್ಕಾ?

ಸುಮಾ ಮದುವೆಯಾಗಿ ಬಂದ ಹೊಸದರಲ್ಲಿ ನೀನೂ ಅವಳೊಡನೆ ಮೆಣಸಿನಕಾಯಿ ತೊಟ್ಟು ಬಿಡಿಸಲು ಹೋಗುತ್ತಿದ್ದೆ. ಗೌರಿ ಹುಟ್ಟಿದ ಮೇಲೆ ಬಿಟ್ಟೆ. ಸುಗ್ಗಿಯಲ್ಲಿ ಸುಮಾ ಎಷ್ಟು ಸಲ ಎಣ್ಣೆ ಹಚ್ಚಿ, ಮಜ್ಜಿಗೆ ಹಾಕಿ ತೊಳೆದರೂ ಬೆರಳಿನ ಉರಿ ಹೋಗುವುದಿಲ್ಲ. ಆ ಕೈಯಿಂದ ಮಗುವಿನ ತುಟಿ ಒರೆಸುವಂತಿಲ್ಲ, ಕಣ್ಣು ಮುಟ್ಟುವಂತಿಲ್ಲ. “ಈ ಮನ್ಯಾಗ ಒಬ್ಬರ ಕೈಯಾದ್ರೂ ಖಾರ ಇಲ್ಲದಂಗ ಇರಬೇಕು,” ಎಂದಿದ್ದೆ. ಅಷ್ಟೇ ಮಾತು. ನಾನು ಅದನ್ನು ದೊಡ್ಡ ನಿರ್ಧಾರವೆಂದು ತಿಳಿಯಲೇ ಇಲ್ಲ. ಮನೆಯಲ್ಲಿ ಒಲೆ ಇರುವಂತೆ ನೀನೂ ಇದ್ದೆ ಎಂದುಕೊಂಡು…

ಕಳೆದ ಮಳೆಗಾಲದಲ್ಲಿ ಮೂರು ದಿನದ ಜ್ವರಕ್ಕೆ ನೀನು ಹೋದೆ. ಚಳಿಗಾಲ ಮುಗಿಯುವ ಹೊತ್ತಿಗೆ ಬ್ಯಾಡಗಿ ಪೇಟೆ ತುಂಬ ಮೆಣಸಿನಕಾಯಿಯ ಕೆಂಪು ರಾಶಿ, ಊರು ತುಂಬ ಕೆಮ್ಮು. ಸುಮಾ ಬೆಳಗಾದರೆ ತೊಟ್ಟು ಬಿಡಿಸುವ ಶೆಡ್ಡಿಗೆ. ನಾನು ಮಧ್ಯಾಹ್ನ ಕೋಲ್ಡ್ ಸ್ಟೋರೇಜಿನ ಕೆಲಸದಿಂದ ಸೈಕಲ್ ಹೊಡೆದುಕೊಂಡು ಬಂದು ಗೌರಿಗೆ ಉಣಿಸಬೇಕು. ಅವಳು ಹಲ್ಲು ಕಚ್ಚಿ ಮುಖ ತಿರುಗಿಸುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ. ಅವಳು ನಿನ್ನ ಮನೆಯ ಗೋಡೆ ನೋಡುತ್ತಿದ್ದಳು. ಹಾವೇರಿಯ ವ್ಯಾಯಾಮ ಮೊದಲು ಒಂದು ವಾರ ತಪ್ಪಿತು, ಆಮೇಲೆ ನಿಂತೇ ಹೋಯಿತು. ನೀನು ಬಿಡಿಸಿದ್ದ ಮೊಣಕಾಲು ಮತ್ತೆ ಮಡಚಿಕೊಳ್ಳತೊಡಗಿತು. ರಾತ್ರಿ ಬಟ್ಟೆ ಬದಲಿಸುವಾಗ ಅದು ನನ್ನ ಕೈಗೇ ಗೊತ್ತಾಗುತ್ತಿತ್ತು.

ವಿದ್ಯಾ ಎರಡನೆಯ ಸಲ ಬಂದದ್ದು ಆಗಲೇ. ವರ್ಷದ ಮೇಲೆ ಅದೇ ಮನೆಗಳಿಗೆ ಮರಳಿ ಹೋಗುವುದು ಅವರ ಸಂಶೋಧನೆಯ ಕ್ರಮವಂತೆ. ಚಪ್ಪಲಿ ಬಿಡುತ್ತಲೇ, “ಅಕ್ಕಾರು ಎಲ್ರೀ?” ಎಂದಳು. ನಾನು ಹೇಳಿದೆ. ಅವಳು ಬಾಗಿಲಲ್ಲೇ ಕುಳಿತುಬಿಟ್ಟಳು. ಪ್ರಶ್ನೆಯ ಹಾಳೆ ಚೀಲದಲ್ಲೇ ಉಳಿಯಿತು. ಹೋಗುವಾಗ ಮಾತ್ರ, ರಾಣೇಬೆನ್ನೂರಿನಲ್ಲಿ ಮನೆಯವರನ್ನೆಲ್ಲ ಸೇರಿಸುತ್ತೇವೆ, ನೀವಿಬ್ಬರೂ ಬರಲೇಬೇಕು ಎಂದಳು.

ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ಚಾಪೆ ಹಾಸಿದ್ದರು. ವಿದ್ಯಾ ಎದ್ದು ನಿಂತು ತಾನು ಕಂಡದ್ದನ್ನು ಹೇಳಿದಳು. ಯಾರ ನೆರವಿದೆ ಎಂದು ಕೇಳಿದರೆ ಬಹಳ ಮನೆಗಳಲ್ಲಿ ಒಂದೇ ಹೆಸರು ಬಂತಂತೆ: ಒಬ್ಬ ಅಜ್ಜಿ, ಒಬ್ಬ ಅತ್ತೆ, ಒಬ್ಬ ಅಕ್ಕ. ಆ ಒಬ್ಬರ ಹಿಂದೆ ಎರಡನೆಯವರಿಲ್ಲ. ಆ ಒಬ್ಬರಿಗೆ ದಣಿವಾಗುತ್ತದೆಯೇ ಎಂದು ಯಾರೂ ಕೇಳಿಲ್ಲ. ನಾನು ತಲೆ ತಗ್ಗಿಸಿದೆ. ನಮ್ಮ ತಾಲೂಕಿನಲ್ಲಿ ಯಾವ ಸೌಲಭ್ಯವೂ ಇಲ್ಲವೆಂದು ಊರೆಲ್ಲ ಹೇಳಿಕೊಂಡು ತಿರುಗಿದ್ದವನು ನಾನು. ಇದ್ದ ಒಂದು ಸೌಲಭ್ಯ ಗೋಡೆಯ ಆಚೆ ಮಲಗುತ್ತಿತ್ತಲ್ಲ, ಅಕ್ಕಾ.

ಆಗ ಹಿಂದಿನಿಂದ ಒಂದು ದನಿ ಬಂತು. ಕುಪ್ಪೇಲೂರಿನ ರೇಣವ್ವ, ಹೊಲ ಮನೆ ಇರುವ ಹೆಂಗಸು. ಅವಳ ಒಂಬತ್ತು ವರ್ಷದ ಮಗ ಶಿವು ಮಾತಾಡುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ. ಕಣ್ಣು ತಪ್ಪಿದರೆ ನಡೆದುಕೊಂಡೇ ಹೋಗಿಬಿಡುತ್ತಾನೆ. ಆಗಲೂ ಕೋಣೆಯ ಗೋಡೆಗುಂಟ ಸುತ್ತು ಹಾಕುತ್ತಿದ್ದ. “ಹೊಲಕ್ಕ ಮುಯ್ಯಾಳು ಹೋಗ್ತೇವಲ್ರೀ,” ಎಂದಳು. “ಇವತ್ತ ನಿಮ್ಮ ಹೊಲಕ್ಕ ನಾ, ನಾಳೆ ನಮ್ಮ ಹೊಲಕ್ಕ ನೀವು. ಮಕ್ಕಳಿಗ್ಯಾಕ ಮುಯ್ಯಾಳು ಇರಬಾರದು? ಬ್ಯಾಡಗಿಯವರಿಗೆ ಕಾಯಿ ಸುಗ್ಗಿ ಆದಾಗ ನನಗ ಹೊಲದಾಗ ಕೆಲಸಿಲ್ಲ. ನನಗ ಬಿತ್ತಗಿ ಬಂದಾಗ ಅವರ ಶೆಡ್ಡು ಖಾಲಿ.” ಯಾರೋ ಹಾಸ್ಯ ಮಾಡಿದರು, “ನಿನ್ನ ಮಗನ ಹಿಂದ ಓಡಾಕ ಕುದುರಿ ಬೇಕಾಕ್ಕತಿ!” “ಕುದುರಿ ಬ್ಯಾಡ, ಬೊಜ್ಜು ಕಡಿಮಿ ಮಾಡ್ಕೋರಿ ಸಾಕು,” ಎಂದಳು ರೇಣವ್ವ. ಸುಮಾ ನನ್ನ ಮುಖ ಕೂಡ ನೋಡದೆ ಕೈ ಎತ್ತಿದಳು.

ಬರುವಾಗ ನಮ್ಮ ಬಸ್ಸು ಕದರಮಂಡಲಗಿ ದಾಟಿತು. ನೀನು ಶನಿವಾರ ಗೌರಿಯನ್ನು ಹೆಗಲಿಗೆ ಹಾಕಿಕೊಂಡು ಹನುಮಪ್ಪನಿಗೆ ಬರುತ್ತಿದ್ದ ಊರು. ಆಮೇಲೆ ಸುಮಾಳಿಗೆ ಹೇಳಿದೆ: ಗುರುತಿಲ್ಲದವರ ಕೈಯಲ್ಲಿ ಗೌರಿ ಉಣ್ಣುವುದಿಲ್ಲ, ತುತ್ತು ಗಂಟಲಲ್ಲಿ ಸಿಕ್ಕರೆ ಏನು ಮಾಡುವುದು? ಸುಮಾ ಕಿಟಕಿಯ ಹೊರಗೆ ನೋಡುತ್ತಲೇ, “ಈಗ ನಿಮ್ಮ ಕೈಯಾಗರ ಎಲ್ಲಿ ಉಣ್ಣಾಕತ್ತಾಳ?” ಎಂದಳು.

ಮೊದಲ ದಿನ ಸುಮಾ ಬೆಳಿಗ್ಗೆ ಗೌರಿಯನ್ನು ಕುಪ್ಪೇಲೂರಿಗೆ ಬಿಟ್ಟು ಬಂದಳು. ನಾನು ಸಂಜೆ ಹೋಗಿ ಕರೆತರುವ ಮಾತಾಗಿತ್ತು. ಅಷ್ಟರೊಳಗೆ ನಾನು ರೇಣವ್ವನಿಗೆ ಎರಡು ಸಲ ಫೋನ್ ಮಾಡಿ, ತಲೆ ಎಷ್ಟು ಎತ್ತಬೇಕು, ಚಮಚ ಎಲ್ಲಿ ಇಡಬೇಕು ಎಂದೆಲ್ಲ ವಿವರಿಸಿದ್ದೆ. “ಅಣ್ಣಾರ, ನೀವು ಹೇಳೂದು ಮುಗಿಯೂದ್ರಾಗ ಅನ್ನ ಆರಿ ಹೋತು,” ಎಂದು ಅವಳು ಇಟ್ಟುಬಿಟ್ಟಳು. ನಾನು ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಅವಳ ಮನೆಯ ಹೊರಗೆ, ಬಾಗಿಲಿಗೆ ಕಾಣದಂತೆ ನಿಂತೆ. ಎದುರು ಮನೆಯ ಮುದುಕ, “ಯಾರ್ರೀ ನೀವು, ಮೀಟರ್ ಓದಾಕ ಬಂದೀರೇನು?” ಎಂದ.

ಒಳಗಿನಿಂದ ಗೌರಿಯ ದನಿ ಬಂತು. ಅಳುವಲ್ಲ. ಮೂಗಿನಿಂದ ಹೊರಡುವ ಆ ಉದ್ದನೆಯ ರಾಗ, ನಿನಗೆ ಗೊತ್ತು, ಹೊಟ್ಟೆ ತುಂಬಿದಾಗ ಮಾಡುವುದು. ಎಷ್ಟು ತಿಂಗಳಾಗಿತ್ತು ಅದನ್ನು ಕೇಳಿ! ಖುಷಿಯಾಯಿತೇ? ಆಯಿತು. ಎದೆಯಲ್ಲಿ ಏನೋ ಚುಚ್ಚಿತು ಕೂಡ. ರೇಣವ್ವ ನೀರು ಚೆಲ್ಲಲು ಹೊರಗೆ ಬಂದವಳು ನನ್ನನ್ನು ಕಂಡು, “ಪರೀಕ್ಷಾ ತಗೊಳ್ಳಾಕ ಬಂದ್ರಾ? ಬರ್ರಿ, ಪಾಸಾಗೇನಿ,” ಎಂದಳು.

ಅಲ್ಲಿಂದ ಸುಗ್ಗಿ ಮುಗಿಯುವವರೆಗೆ ವಾರಕ್ಕೆ ಎರಡು ದಿನ ಗೌರಿ ಅಲ್ಲೇ ಉಳಿದಳು. ಆ ದಿನಗಳಲ್ಲಿ ಸಿಕ್ಕ ಉಸಿರಿನಿಂದ ನಾನು ಉಳಿದ ದಿನಗಳಲ್ಲಿ ಒಂದು ದಿನ ಅವಳನ್ನು ಹಾವೇರಿಗೆ ಕರೆದೊಯ್ದೆ. ಮೊಣಕಾಲು ತುಸು ಸಡಿಲಾಗಿದೆ. ನಿನಗೆ ಹೇಳಲು ಹಿಂಜರಿಯುತ್ತಿರುವ ಸಂಗತಿ ಬೇರೆ. ಕಡೆಯ ದಿನ ಕರೆತರಲು ಹೋದಾಗ ಗೌರಿ ರೇಣವ್ವನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಬಿಡಿಸಲು ನಮ್ಮಿಬ್ಬರಿಗೂ ಬಹಳ ಹೊತ್ತು ಬೇಕಾಯಿತು. ನಿನಗೆ ಹೊಟ್ಟೆಕಿಚ್ಚಾಗುತ್ತದೆಯೇ? ನೀನು ಅಂಥವಳಲ್ಲ. ನನಗಾಯಿತು, ನಿನ್ನ ಪರವಾಗಿ. ಎರಡು ದಿನ ರೇಣವ್ವನ ಫೋನನ್ನೇ ಎತ್ತಲಿಲ್ಲ. ಮೂರನೆಯ ದಿನ ನಾನೇ ಮಾಡಿದೆ.

ಈಗ ಮಳೆ ಬಿದ್ದಿದೆ. ಕುಪ್ಪೇಲೂರಿನಲ್ಲಿ ಬಿತ್ತನೆ ಶುರುವಾಗಿದೆ. ಮುಯ್ಯಿ ತೀರಿಸುವ ಸರದಿ ನಮ್ಮದು. ನಾಳೆ ಬೆಳಿಗ್ಗೆ ಹೋಗಿ ಶಿವುವನ್ನು ಕರೆತರುತ್ತೇನೆ; ಶೆಡ್ಡು ಖಾಲಿ, ಗೌರಿಯ ಹತ್ತಿರ ಸುಮಾ ಇರುತ್ತಾಳೆ. ಈ ಊರಿನಲ್ಲಿ ಲಾರಿಗಳಿವೆ, ರೈಲು ಹಳಿಯಿದೆ, ಅವನು ನಿಲ್ಲುವವನಲ್ಲ. ಬಾಗಿಲಿಗೆ ಚಿಲಕ ಹಾಕಲೇ ಎಂದು ರೇಣವ್ವನನ್ನು ಕೇಳಿದೆ. “ಚಿಲಕ ಕಂಡ್ರ ತಲಿ ಬಡಕೋತಾನ್ರೀ. ಕೈನೂ ಹಿಡೀಬ್ಯಾಡ್ರಿ. ಹಿಂದಿಂದ ನಡೀರಿ, ತಾಟು ಹಿಡಕೊಂಡ. ಒಂದಷ್ಟು ದೂರ ಹೋಗಿ ತಾನಾಗೇ ಹೊಳ್ಳಿ ನೋಡ್ತಾನ. ಆಗ ಒಂದು ತುತ್ತು ಕೊಡ್ರಿ,” ಎಂದಳು. ಆಮೇಲೆ, “ನೋಡಿಲ್ಲಂದ್ರ ಅಂಜಬ್ಯಾಡ್ರಿ. ಇನ್ನಷ್ಟು ನಡೀರಿ,” ಎಂದಳು.

ಅಂಜಿಕೆಯಾಗುತ್ತಿದೆ, ಅಕ್ಕಾ. ಆದರೂ ಪೇಟೆಯ ಆ ತುದಿಯವರೆಗೆ, ಬೇಕಾದರೆ ಮೋಟೆಬೆನ್ನೂರಿನವರೆಗೆ, ಅವನು ಹೊರಳಿ ನೋಡುವವರೆಗೂ ನಡೆಯುತ್ತೇನೆ.

ನಿನ್ನ ತಮ್ಮ